ತೊಗಲೋ, ಫೈಬರೋ? ಕೋಲಾರ ಸೀಮೆಯ ತಮಟೆಗೆ ಮೈಕ್ ಮುಂದಿನ ಪರೀಕ್ಷೆ

ಊರಹಬ್ಬದ ಮೆರವಣಿಗೆ ಹೊರಡುವುದಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಬೀದಿಯ ಕೊನೆಯಲ್ಲಿ ಒಣಹುಲ್ಲಿಗೋ ಹಳೆಯ ಕಾಗದಕ್ಕೋ ಬೆಂಕಿ ಹಚ್ಚಿ, ಅದರ ಸುತ್ತ ತಮಟೆಗಳನ್ನು ಹಿಡಿದು ಕಾಯಿಸುವ ನೋಟ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಜನರಿಗೆ ಹೊಸದೇನೂ ಅಲ್ಲ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಬೆಂಕಿಗೆ ಹಿಡಿದು, ಬೇಕಾದ ನಾದ ಬರುವವರೆಗೆ ವಾದಕರು ಅಲ್ಲಿಂದ ಏಳುವುದಿಲ್ಲ. ಆದರೆ ಈಗೀಗ ಅದೇ ಮೆರವಣಿಗೆಯಲ್ಲಿ ಬೆಂಕಿಯ ಹತ್ತಿರವೂ ಸುಳಿಯದ ಇನ್ನೊಂದು ಬಗೆಯ ತಮಟೆ ಕಾಣಿಸುತ್ತಿದೆ. ಲೋಹದ ಬಳೆಗೆ ಬಿಳಿಯ ಅಥವಾ ಪಾರದರ್ಶಕ ಹಾಳೆಯನ್ನು ಬಿಗಿದು, ಸುತ್ತಲೂ ನಟ್ಟು-ಬೋಲ್ಟು ಕೂರಿಸಿದ ಈ ವಾದ್ಯಕ್ಕೆ ‘ಫೈಬರ್ ತಮಟೆ’ ಎಂಬ ಹೆಸರು ಬಿದ್ದಿದೆ.

ತೊಗಲಿನ ತಮಟೆ ಒಳ್ಳೆಯದೋ, ಫೈಬರ್ ತಮಟೆ ಒಳ್ಳೆಯದೋ ಎಂಬ ಚರ್ಚೆ ವಾದಕರು ಸೇರುವ ಕಡೆಯಲ್ಲೆಲ್ಲ ನಡೆಯುತ್ತದೆ. ಮೇಲ್ನೋಟಕ್ಕೆ ಇದು ಹಳೆಯದು-ಹೊಸದರ ಜಗಳ. ಒಳಹೊಕ್ಕು ನೋಡಿದರೆ ಬೇರೆಯದೇ ಒಂದು ಪ್ರಶ್ನೆ ಎದುರಾಗುತ್ತದೆ. ತಮಟೆಗೆ ಎರಡು ದನಿಗಳಿವೆ. ಒಂದು ನಡುವಿನಿಂದ ಬರುವ ದಪ್ಪ ದನಿ, ಇನ್ನೊಂದು ಅಂಚಿನಿಂದ ಸಿಡಿಯುವ ಚೂಪು ದನಿ. ಇವೆರಡರ ಸರದಿಯಿಂದಲೇ ವರಸೆಗಳು ಹುಟ್ಟುತ್ತವೆ. ಇಂದಿನ ವೇದಿಕೆಗಳಲ್ಲಿ ಚೂಪು ದನಿ ಹೇಗೋ ಉಳಿದುಕೊಳ್ಳುತ್ತದೆ. ಸದ್ದಿಲ್ಲದೆ ಕಾಣೆಯಾಗುತ್ತಿರುವುದು ದಪ್ಪ ದನಿ. ಅದಕ್ಕೆ ಫೈಬರ್ ಹಾಳೆಯೊಂದೇ ಕಾರಣವಲ್ಲ. ವಾದಕನ ಕೈಗೆ ಸಿಗದ ಮೈಕು, ಮಿಕ್ಸರ್ ಮತ್ತು ಸ್ಪೀಕರುಗಳೂ ಅಷ್ಟೇ ಕಾರಣ.

ಮೂರು ಭಾಷೆಗಳ ಗಡಿಯಲ್ಲಿ

ಕೋಲಾರ ಜಿಲ್ಲೆ ಎರಡು ರಾಜ್ಯಗಳಿಗೆ ಅಂಟಿಕೊಂಡಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆ ಆಂಧ್ರಪ್ರದೇಶ. ಮಾಲೂರಿನ ಆಚೆ ಹೊಸೂರಿನ ಕಡೆಯ ತಮಿಳುನಾಡು. ಹೀಗಾಗಿ ಕನ್ನಡದಲ್ಲಿ ತಮಟೆ ಎನಿಸಿಕೊಂಡದ್ದು ತೆಲುಗಿನಲ್ಲಿ ಡಪ್ಪು ಅಥವಾ ಪಲಕ, ತಮಿಳಿನಲ್ಲಿ ಪರೈ. ಉತ್ತರ ಕರ್ನಾಟಕದವರಿಗೆ ಇದರ ಬಂಧುವೇ ಹಲಗೆ. ಅಳತೆ, ಕಟ್ಟು, ವರಸೆಗಳಲ್ಲಿ ವ್ಯತ್ಯಾಸಗಳಿದ್ದರೂ ಮೂಲ ತತ್ವ ಒಂದೇ: ಆಳವಿಲ್ಲದ ಒಂದು ಬಳೆ, ಅದರ ಒಂದು ಬದಿಗೆ ಮಾತ್ರ ತೊಗಲು, ಹಿಂಬದಿ ಬಟ್ಟಬಯಲು. ಎಡ ಭುಜಕ್ಕೆ ಆನಿಸಿಕೊಂಡು, ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳ್ಳಗಿನ ಬಿದಿರಿನ ಸೀಳು ಹಿಡಿದು ನುಡಿಸುವುದು ರೂಢಿ. ದಪ್ಪ ಕೋಲು ನಡುವಿಗೆ, ಸೀಳು ಅಂಚಿಗೆ.

ಪರೈಯ ಬಳೆಯನ್ನು ಮೂರು ಮರದ ತುಂಡುಗಳನ್ನು ಲೋಹದ ಪಟ್ಟಿಯಿಂದ ಜೋಡಿಸಿ ಮಾಡುವ ಪದ್ಧತಿ ಇದೆ. ತೊಗಲನ್ನು ಅಂಟಿಸಲು ಹುಣಸೆ ಬೀಜದ ಅಂಟು ಬಳಸುತ್ತಾರೆ. ಹುಣಸೆ ಮರಗಳಿಗೆ ಬರವಿಲ್ಲದ ಈ ಸೀಮೆಯಲ್ಲಿ ಅಂಟಿಗಂತೂ ಯಾರೂ ಪೇಟೆಗೆ ಹೋಗಬೇಕಿರಲಿಲ್ಲ. ಬಿಸಿಗೆ ಬಿಟ್ಟುಕೊಳ್ಳದಿರುವುದು ಈ ಅಂಟಿನ ದೊಡ್ಡ ಗುಣ. ದಿನಕ್ಕೆ ನಾಲ್ಕು ಬಾರಿ ಬೆಂಕಿಗೆ ಹಿಡಿಯುವ ವಾದ್ಯಕ್ಕೆ ಅದಿಲ್ಲದಿದ್ದರೆ ನಡೆಯುವುದಿಲ್ಲ.

ಈ ವಾದ್ಯಕ್ಕೆ ಸಂದ ದೊಡ್ಡ ಗೌರವವೂ ಇದೇ ಸೀಮೆಯದು. ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ರಾಷ್ಟ್ರಮಟ್ಟದ ಪತ್ರಿಕೆಗಳೂ ತಮಟೆ ಎಂಬ ಪದವನ್ನು ವಿವರಿಸಿ ಬರೆಯಬೇಕಾಯಿತು. ಅವರ ಊರು ಶಿಡ್ಲಘಟ್ಟ ತಾಲ್ಲೂಕಿನದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಆ ತಾಲ್ಲೂಕು ಕೋಲಾರ ಜಿಲ್ಲೆಯಲ್ಲೇ ಇತ್ತು.

ಬೆಂಕಿ ಏಕೆ ಬೇಕು?

ತೊಗಲು ಎಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಈ ಎಳೆಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಸಡಿಲವಾಗುತ್ತವೆ. ಒಣಗಿದಾಗ ಕುಗ್ಗಿ ಬಿಗಿಯಾಗುತ್ತವೆ. ಬೆಂಕಿಯ ಕಾವು ಮಾಡುವುದು ಇಷ್ಟೇ: ತೊಗಲಿನಲ್ಲಿ ಸೇರಿಕೊಂಡ ನೀರಿನ ಅಂಶವನ್ನು ಹೊರಗೆ ಓಡಿಸುವುದು. ಬಿಗಿತ ಹೆಚ್ಚಿದಂತೆ ದನಿ ಏರುತ್ತದೆ. ಆದರೆ ಈ ಏರಿಕೆ ಸರಳ ಲೆಕ್ಕದ್ದಲ್ಲ. ದನಿ ಒಂದು ಸ್ಥಾಯಿಯಷ್ಟು, ಅಂದರೆ ಎರಡು ಪಟ್ಟು ಮೇಲೇರಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಆದ್ದರಿಂದಲೇ ತಣ್ಣಗಾದ ತಮಟೆಯನ್ನು ಎಷ್ಟು ಜೋರಾಗಿ ಹೊಡೆದರೂ ಅದು ‘ಬೊದ್’ ಎನ್ನುವುದೇ ಹೊರತು ಮಾತಾಡುವುದಿಲ್ಲ. ತೋಳಿನ ಬಲ ಬಿಗಿತಕ್ಕೆ ಬದಲಿಯಾಗಲಾರದು ಎಂಬುದು ಪ್ರತಿಯೊಬ್ಬ ವಾದಕನೂ ಎಳವೆಯಲ್ಲಿಯೇ ಕಲಿಯುವ ಪಾಠ.

ಶಾಶ್ವತ ನದಿಗಳಿಲ್ಲದ, ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ತಮಟೆಗೆ ಮಾತ್ರ ನೀರಿನ ಕಾಟ ತಪ್ಪಿದ್ದಲ್ಲ ಎಂಬುದು ವಿಚಿತ್ರವಾದರೂ ನಿಜ. ಕೋಲಾರದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಗಣೇಶನ ವಿಸರ್ಜನೆ, ದಸರಾ, ನವೆಂಬರಿನ ರಾಜ್ಯೋತ್ಸವ ಎಲ್ಲವೂ ಆ ಒದ್ದೆ ಹವೆಯ ಆಸುಪಾಸಿನಲ್ಲಿಯೇ ಬರುತ್ತವೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಬಯಲಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳಂತೂ ಇಬ್ಬನಿಯವು. ಇದಕ್ಕೆ ವಿರುದ್ಧವಾಗಿ ಶಿವರಾತ್ರಿಯ ವೇಳೆಯ ಆವಣಿ ಜಾತ್ರೆಯಿಂದ ಹಿಡಿದು ಬೇಸಿಗೆಯ ಊರಹಬ್ಬಗಳವರೆಗೆ ಗಾಳಿ ಒಣಗಿರುತ್ತದೆ. ಒಮ್ಮೆ ಕಾಯಿಸಿದ ತಮಟೆ ಬಹಳ ಹೊತ್ತು ಬಿಗಿ ಬಿಡುವುದಿಲ್ಲ.

ಹೀಗಾಗಿ ತೊಗಲು-ಫೈಬರ್ ವಾದದಲ್ಲಿ ಎರಡೂ ಕಡೆಯವರು ಸರಿ ಎನ್ನಬೇಕಾಗುತ್ತದೆ, ಅವರವರು ಯಾವ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾದರೆ. ಮಳೆಯಲ್ಲಿ ಗಣೇಶನ ಮೆರವಣಿಗೆಗೆ ಹೋಗುವ ತಂಡ ಫೈಬರ್ ಹಿಡಿಯುವುದು ಸೋಮಾರಿತನವಲ್ಲ, ವಿವೇಕ.

ಅಮೆರಿಕದಿಂದ ಬಂದ ಹಾಳೆ

ಹೆಸರು ಫೈಬರ್ ಎಂದಿದ್ದರೂ ಇದು ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆ. ಪಾಶ್ಚಾತ್ಯ ಡ್ರಮ್‌ಗಳೂ 1950ರ ದಶಕದವರೆಗೆ ಕರುವಿನ ತೊಗಲನ್ನೇ ಹೊದ್ದಿದ್ದವು. ಅಲ್ಲಿನ ವಾದಕರೂ ಮಳೆಗಾಲದಲ್ಲಿ ಇದೇ ಪಾಡು ಪಟ್ಟಿದ್ದರು. ಮೈಲಾರ್ ಎಂಬ ಹೆಸರಿನ ಪಾಲಿಯೆಸ್ಟರ್ ಹಾಳೆ ಮಾರುಕಟ್ಟೆಗೆ ಬಂದ ಮೇಲೆ ಅಮೆರಿಕದ ಚಿಕ್ ಇವಾನ್ಸ್ ಮತ್ತು ರೆಮೋ ಬೆಲ್ಲಿ ಎಂಬ ಇಬ್ಬರು ಡ್ರಮ್ ವಾದಕರು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅದನ್ನು ಡ್ರಮ್ಮಿಗೆ ಹೊದಿಸಿದರು. ಬೆಲ್ಲಿ 1957ರಲ್ಲಿ ಸ್ಥಾಪಿಸಿದ ರೆಮೋ ಕಂಪನಿ ತನ್ನ ಹಾಳೆಗೆ ಇಟ್ಟ ಹೆಸರು ‘ವೆದರ್ ಕಿಂಗ್’. ಹವೆಯ ಮೇಲಿನ ಗೆಲುವೇ ಅದರ ಮಾರಾಟದ ಮಂತ್ರವಾಗಿತ್ತು. ಬ್ಯಾಂಡ್‌ಸೆಟ್‌ಗಳ ಸೈಡ್ ಡ್ರಮ್, ಬಾಸ್ ಡ್ರಮ್‌ಗಳ ಮೂಲಕ ನಮ್ಮ ಮದುವೆ ಮೆರವಣಿಗೆಗಳಿಗೆ ಕಾಲಿಟ್ಟ ಈ ಹಾಳೆ ತಮಟೆಯ ಬಳೆಗೂ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ. ಇಡೀ ಹಾಳೆ ಒಂದೇ ದಪ್ಪ. ಹರಿದರೆ ಅಂಗಡಿಯಿಂದ ಇನ್ನೊಂದನ್ನು ತಂದು ಹತ್ತು ನಿಮಿಷದಲ್ಲಿ ಬಿಗಿಯಬಹುದು. ಹತ್ತು ತಮಟೆಗಳನ್ನು ಒಂದೇ ದನಿಗೆ ತರುವುದು ಸ್ಪ್ಯಾನರ್ ಹಿಡಿದವನಿಗೆ ದೊಡ್ಡ ಕೆಲಸವಲ್ಲ. ಇವೆಲ್ಲ ಅದರ ಪರವಾದ ಮಾತುಗಳು.

ಹಿರಿಯ ವಾದಕರ ಆಕ್ಷೇಪ ಬೇರೆಯದು. ಫೈಬರ್ ‘ಕಿರುಚುತ್ತದೆ’ ಎಂಬುದು ಅವರ ದೂರು. ಇದು ಬರಿಯ ಹಳೆಯ ಕಾಲದ ವ್ಯಾಮೋಹವಲ್ಲ. ಭೌತಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆ. ದುಂಡನೆಯ ಹಾಳೆಯೊಂದನ್ನು ಹೊಡೆದಾಗ ಅದು ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಮೂಲ ಕಂಪನದ ಜೊತೆಗೆ ಅದರ 1.59 ಪಟ್ಟು, 2.14 ಪಟ್ಟು, 2.30 ಪಟ್ಟು ವೇಗದ ಕಂಪನಗಳು ಏಳುತ್ತವೆ. ಇವು ತಂಬೂರಿಯ ತಂತಿಯಲ್ಲಿ ಬರುವಂತೆ ಎರಡು, ಮೂರು, ನಾಲ್ಕು ಎಂಬ ಪೂರ್ಣ ಪಟ್ಟುಗಳಲ್ಲ. ಆದ್ದರಿಂದ ಕಿವಿಗೆ ಸ್ಪಷ್ಟ ಸ್ವರ ಕೇಳಿಸದೆ ಸದ್ದು ಕೇಳಿಸುತ್ತದೆ. ಮೃದಂಗ, ತಬಲಾಗಳಲ್ಲಿ ನಡುವೆ ಹಚ್ಚುವ ಕರಣೆ ಈ ಕಂಪನಗಳನ್ನು ಪೂರ್ಣ ಪಟ್ಟುಗಳ ಸಮೀಪಕ್ಕೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ಪ್ರಕಟಿಸಿದ್ದರು. ತಮಟೆಗೆ ಕರಣೆ ಇಲ್ಲ. ಅದರ ದನಿಯನ್ನು ಹದಗೊಳಿಸುವುದು ತೊಗಲಿನ ಸ್ವಭಾವವೇ. ದಪ್ಪ-ತೆಳುವಿನ ಏರುಪೇರಿರುವ, ಒಳಗೊಳಗೇ ಕಂಪನವನ್ನು ನುಂಗಿಕೊಳ್ಳುವ ತೊಗಲಿನಲ್ಲಿ ಮೇಲಿನ ಚೂಪು ಕಂಪನಗಳು ಬೇಗ ಅಡಗಿ ಮೂಲದ ದಪ್ಪ ದನಿ ಮುಂದೆ ಬರುತ್ತದೆ. ಪಾಲಿಯೆಸ್ಟರ್ ಹಾಳೆಯಲ್ಲಿ ಆ ಚೂಪು ಕಂಪನಗಳು ಇನ್ನಷ್ಟು ಹೊತ್ತು ಮೊಳಗುತ್ತಲೇ ಇರುತ್ತವೆ. ‘ಕಿರುಚುತ್ತದೆ’ ಎಂಬ ಪದಕ್ಕೆ ಇದಕ್ಕಿಂತ ನಿಖರವಾದ ವಿವರಣೆ ಬೇಕಿಲ್ಲ.

ಹಾಗೆಂದು ಆ ಕಿರುಚಾಟಕ್ಕೂ ಗಿರಾಕಿಗಳಿದ್ದಾರೆ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸೌಂಡ್‌ಬಾಕ್ಸ್ ಜೋಡಿಸಿಕೊಂಡು ಡಿಜೆ ಬರುವ ಮೆರವಣಿಗೆಯಲ್ಲಿ ತೊಗಲಿನ ತಮಟೆಯ ದಪ್ಪ ದನಿ ಪೂರ್ತಿ ಮುಚ್ಚಿಹೋಗುತ್ತದೆ. ಆ ಅಬ್ಬರವನ್ನು ಸೀಳಿಕೊಂಡು ಬರಬಲ್ಲದ್ದು ಫೈಬರಿನ ಚೂಪು ದನಿ ಮಾತ್ರ. ಯುವ ತಂಡಗಳು ಫೈಬರಿನತ್ತ ವಾಲುವುದಕ್ಕೆ ಇದೂ ಒಂದು ಕಾರಣ.

ಬಡಿಯುವುದೋ, ನುಡಿಸುವುದೋ

ಇನ್ನೊಂದು ಕಾರಣವಿದೆ, ಅದರ ಬಗ್ಗೆ ವೇದಿಕೆಯ ಮೇಲೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಸತ್ತ ದನದ ತೊಗಲು ಸುಲಿಯುವುದು, ಹದ ಮಾಡುವುದು, ಊರಿನ ಸಾವಿಗೆ, ಡಂಗುರಕ್ಕೆ, ದೇವರ ಮೆರವಣಿಗೆಗೆ ತಮಟೆ ಹೊಡೆಯುವುದು ಇವೆಲ್ಲವೂ ದಲಿತ ಕೇರಿಯ ಮೇಲೆ ಊರು ಹೊರಿಸಿದ್ದ ಬಿಟ್ಟಿ ಚಾಕರಿಯ ಭಾಗಗಳಾಗಿದ್ದವು. ದೇವರ ಮುಂದೆ ತಮಟೆ ಬೇಕು, ತಮಟೆಯವರು ಗುಡಿಯೊಳಗೆ ಬೇಡ ಎಂಬ ಏರ್ಪಾಟು ತಲೆಮಾರುಗಳ ಕಾಲ ನಡೆದುಬಂದಿತು. 1970ರ ದಶಕದಲ್ಲಿ ದಲಿತ ಚಳವಳಿ ರಾಜ್ಯದಲ್ಲಿ ಬೇರೂರಿದಾಗ ತಮಟೆಯನ್ನು ಕೆಳಗಿಡುವುದೇ ಸ್ವಾಭಿಮಾನ ಎಂದವರಿದ್ದರು. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದೆ ತಂದವರೂ ಇದ್ದರು. ಎರಡೂ ನಿಲುವುಗಳು ಒಂದೇ ಗಾಯದಿಂದ ಹುಟ್ಟಿದವು.

ಆ ಚಳವಳಿ ಬಲವಾಗಿದ್ದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಲೇಖಕ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಅವರ ಸಂಗಾತಿಗಳು ಅಂತರಗಂಗೆಯ ಬೆಟ್ಟಸಾಲಿನ ತೇರಹಳ್ಳಿಯ ಬಳಿ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರ, ಹುಣ್ಣಿಮೆಯ ರಾತ್ರಿಗಳಲ್ಲಿ ನಡೆಸಿದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಗಳಿಂದ ರಾಜ್ಯದ ಗಮನ ಸೆಳೆಯಿತು. ಊರಿನ ಚಾಕರಿಯ ವಾದ್ಯ ಕಲೆಯಾಗಿ ವೇದಿಕೆ ಏರಿದ್ದರ ಹಿಂದೆ ಇಂತಹ ಪ್ರಯತ್ನಗಳ ಪಾಲು ದೊಡ್ಡದು.

ಈ ಹಿನ್ನೆಲೆಯಲ್ಲಿ ನೋಡಿದರೆ ಫೈಬರ್ ತಮಟೆಗೆ ಮತ್ತೊಂದು ಅರ್ಥ ಬರುತ್ತದೆ. ಅದನ್ನು ತಯಾರಿಸಲು ಯಾರೂ ಸತ್ತ ದನವನ್ನು ಹೊರಬೇಕಿಲ್ಲ. ಅದು ಅಂಗಡಿಯಲ್ಲಿ ಸಿಗುವ ವಸ್ತು. ಯಾರು ಬೇಕಾದರೂ ಕೊಳ್ಳಬಹುದು. ಶಾಲೆ-ಕಾಲೇಜುಗಳ ತಂಡಗಳಲ್ಲಿ ಎಲ್ಲ ಜಾತಿಯ ಹುಡುಗ-ಹುಡುಗಿಯರು ತಮಟೆ ಹಿಡಿಯುವಂತಾದದ್ದಕ್ಕೆ ಈ ಸಲೀಸುತನವೂ ನೆರವಾಗಿದೆ. ಆದರೆ ತೊಗಲು ಹದ ಮಾಡುವ, ಯಾವ ತೊಗಲು ಯಾವ ಬಳೆಗೆ ಎಂದು ಬೆರಳಿನಿಂದಲೇ ಹೇಳಬಲ್ಲ ಕುಟುಂಬಗಳ ಜ್ಞಾನಕ್ಕೆ ಇದೇ ಕಾರಣದಿಂದ ಬೆಲೆ ಇಳಿಯುತ್ತದೆ. ಅವಮಾನದ ಜೊತೆಗೆ ಕಸುಬೂ ಹೋಗುವುದಾದರೆ ಅದನ್ನು ಲಾಭ ಎನ್ನಬೇಕೋ ನಷ್ಟ ಎನ್ನಬೇಕೋ ಎಂಬುದನ್ನು ಹೊರಗಿನವರು ತೀರ್ಮಾನಿಸುವುದು ಉಚಿತವಲ್ಲ.

ನಿರೂಪಕರ ಬಾಯಲ್ಲಿ ಬರುವ ಕ್ರಿಯಾಪದವನ್ನು ಗಮನಿಸಿದರೂ ಸಾಕು. ವೀಣೆ ‘ನುಡಿಸುತ್ತಾರೆ’, ಮೃದಂಗ ‘ನುಡಿಸುತ್ತಾರೆ’, ತಮಟೆ ಮಾತ್ರ ‘ಬಡಿಯುತ್ತಾರೆ’. ಬಡಿಯುವ ವಾದ್ಯಕ್ಕೆ ಮೈಕ್ ಏಕೆ, ಅದೇ ಜೋರಾಗಿದೆಯಲ್ಲ ಎಂಬ ಧೋರಣೆಯ ಬೇರು ಇಲ್ಲಿದೆ.

ಮೈಕ್ ಎಲ್ಲಿಡಬೇಕು?

ಜೋರಾದ ವಾದ್ಯಕ್ಕೆ ಮೈಕ್ ಬೇಡ ಎಂಬುದು ಸಣ್ಣ ಅಂಗಳದ ಮಟ್ಟಿಗೆ ನಿಜ. ಸಾವಿರ ಜನ ಕುಳಿತ ಬಯಲಿನಲ್ಲಿ, ಹಾಡುಗಾರನ ದನಿಗೆ ಮೈಕ್ ಇದ್ದು ತಮಟೆಗೆ ಇಲ್ಲದಿದ್ದರೆ, ಹಿಂದಿನ ಸಾಲಿಗೆ ತಮಟೆಯ ಅಂಚಿನ ಸದ್ದು ಮಾತ್ರ ತಲುಪುತ್ತದೆ. ಇದಕ್ಕೆ ಕಾರಣ ತಮಟೆಯ ಬೆತ್ತಲೆ ಬೆನ್ನು.

ಎರಡೂ ಬದಿ ಮುಚ್ಚಿದ ಡೊಳ್ಳಿನಂತೆ ತಮಟೆಯೊಳಗೆ ಗಾಳಿ ಬಂಧಿಯಾಗಿರುವುದಿಲ್ಲ. ತೊಗಲು ಮುಂದಕ್ಕೆ ಉಬ್ಬಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಾಗುತ್ತದೆ. ಈ ಎರಡು ವಿರುದ್ಧ ಅಲೆಗಳು ಬಳೆಯ ಅಂಚನ್ನು ಸುತ್ತಿಬಂದು ಒಂದನ್ನೊಂದು ಅಳಿಸುತ್ತವೆ. ಚೂಪು ದನಿಯ ಅಲೆಗಳು ಚಿಕ್ಕವಾದ್ದರಿಂದ ಅವುಗಳಿಗೆ ಈ ಪೆಟ್ಟು ಕಡಿಮೆ; ಉದ್ದನೆಯ ಅಲೆಯ ದಪ್ಪ ದನಿಗೇ ಹೆಚ್ಚು. ತಮಟೆಯ ಮುಂದೆ ನಿಂತವನಿಗೆ ಎದೆಗೆ ಬಡಿಯುವ ದನಿ, ಪಕ್ಕದಲ್ಲಿ, ಬಳೆಯ ಅಂಚಿಗೆ ನೇರವಾಗಿ ನಿಂತವನಿಗೆ ಪೇಲವವಾಗಿ ಕೇಳುವುದು ಇದೇ ಕಾರಣಕ್ಕೆ.

ಇಷ್ಟು ಗೊತ್ತಾದರೆ ಮೈಕ್ ಎಲ್ಲಿಡಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ. ವಾದಕನ ಪಕ್ಕದಲ್ಲಿ, ಬಳೆಯ ಅಂಚಿನ ನೇರಕ್ಕೆ ಸ್ಟ್ಯಾಂಡ್ ನಿಲ್ಲಿಸಿದರೆ ದಪ್ಪ ದನಿ ಸತ್ತುಹೋಗುವ ಜಾಗವನ್ನೇ ಆರಿಸಿಕೊಂಡಂತೆ. ತೊಗಲಿನ ಮುಖಕ್ಕೆ ಎದುರಾಗಿ, ಕೋಲಿಗೆ ತಗುಲದಂತೆ ಒಂದು ಗೇಣಿನಷ್ಟು ದೂರದಲ್ಲಿ, ನಡುವಿಗೂ ಅಂಚಿಗೂ ಮಧ್ಯದ ಭಾಗವನ್ನು ನೋಡುವಂತೆ ಮೈಕ್ ಇಟ್ಟರೆ ಎರಡೂ ದನಿಗಳು ಸಿಗುತ್ತವೆ. ಕೆಲವರು ಹಿಂಬದಿಗೂ ಒಂದು ಮೈಕ್ ಇಡುತ್ತಾರೆ. ಹಾಗೆ ಮಾಡುವಾಗ ಮಿಕ್ಸರಿನಲ್ಲಿ ಆ ಎರಡನೆಯ ಮೈಕಿನ ಅಲೆಯನ್ನು ತಿರುವುಮುರುವು ಮಾಡುವ ಗುಂಡಿಯನ್ನು ಒತ್ತಲೇಬೇಕು. ಇಲ್ಲದಿದ್ದರೆ ಬಯಲಿನಲ್ಲಿ ನಡೆಯುವ ಅಳಿಸಾಟ ಮಿಕ್ಸರಿನೊಳಗೇ ನಡೆದು, ಎರಡು ಮೈಕ್ ಇಟ್ಟ ತಪ್ಪಿಗೆ ಒಂದು ಮೈಕಿನಷ್ಟೂ ದನಿ ಬಾರದು.

ದುಬಾರಿ ಮೈಕ್ ಬೇಕೆಂಬ ಮಾತೂ ಅಷ್ಟು ಸರಿಯಲ್ಲ. 1965ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಕಂಪನಿಯ ಎಸ್‌ಎಂ 57, ಮರುವರ್ಷ ಬಂದ ಎಸ್‌ಎಂ 58 ಮಾದರಿಗಳಂತಹ ಸರಳ ಡೈನಮಿಕ್ ಮೈಕುಗಳು ಇಂದಿಗೂ ಜಗತ್ತಿನ ವೇದಿಕೆಗಳಲ್ಲಿ ಡ್ರಮ್ಮುಗಳ ಮುಂದೆ ನಿಲ್ಲುತ್ತವೆ. ಜೋರಾದ ಪೆಟ್ಟಿಗೆ ಅವು ಬೆದರುವುದಿಲ್ಲ. ಮಾತಿಗೆಂದು ಅಂಗಿಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕನ್ನು ತಮಟೆಗೆ ಕಟ್ಟಿದರೆ ಮಾತ್ರ ಮೊದಲ ಏಟಿಗೇ ಅದರ ದನಿ ಒಡೆದು ಗರಗರ ಎನ್ನುತ್ತದೆ.

ತಮಟೆಯವರ ನಿಜವಾದ ತೊಡಕು ಬೇರೆ: ಅವರು ನಿಂತಲ್ಲಿ ನಿಲ್ಲುವುದಿಲ್ಲ. ತಮಟೆ ಕುಣಿತದ ವಾದ್ಯ. ಮೈಕಿನಿಂದ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಗೇಣಿನಿಂದ ಎರಡು ಮಾರು ಹಿಂದಕ್ಕೆ ಹೆಜ್ಜೆ ಹಾಕಿದರೆ ದನಿ ಮಾಯ. ಕುಣಿದರೆ ಕೇಳಿಸದು, ಕೇಳಿಸಬೇಕೆಂದರೆ ಕುಣಿಯುವಂತಿಲ್ಲ. ಬಳೆಗೆ ಕಚ್ಚಿಸುವ, ಡ್ರಮ್ಮಿಗೆಂದೇ ತಯಾರಾದ ತಂತಿರಹಿತ ಮೈಕುಗಳು ಇದಕ್ಕೆ ಉತ್ತರವಾದರೂ ಹಳ್ಳಿಯ ತಂಡದ ಸಂಭಾವನೆಯಲ್ಲಿ ಅವನ್ನು ಕೊಳ್ಳುವ ಮಾತೇ ಇಲ್ಲ. ಕುಣಿತದ ವೃತ್ತದ ಮೇಲೆ ಎರಡು ಮೈಕುಗಳನ್ನು ಎತ್ತರದಿಂದ ಇಳಿಬಿಡುವುದು, ಇಲ್ಲವೇ ಇಬ್ಬರು ವಾದಕರನ್ನು ಮೈಕಿನ ಮುಂದೆ ಸ್ಥಿರವಾಗಿ ನಿಲ್ಲಿಸಿ ಉಳಿದವರನ್ನು ಕುಣಿಯಲು ಬಿಡುವುದು ಕೈಗೆಟಕುವ ದಾರಿಗಳು.

ಮಿಕ್ಸರಿನ ಹಿಂದಿನ ಗುಂಡಿಗಳು

ಮೈಕ್ ಸರಿಯಾದ ಜಾಗದಲ್ಲಿದ್ದರೂ ದಪ್ಪ ದನಿ ದಾಟಬೇಕಾದ ಮೂರು ಗಂಡಾಂತರಗಳಿವೆ. ಮೊದಲನೆಯದು ಮಿಕ್ಸರಿನ ‘ಲೋ ಕಟ್’ ಗುಂಡಿ. ಭಾಷಣದ ಮೈಕಿಗೆ ಗಾಳಿಯ ಸದ್ದು, ಕಾಲ್ತುಳಿತದ ಸದ್ದು ಬಾರದಿರಲೆಂದು ಸಾಮಾನ್ಯವಾಗಿ 80 ಅಥವಾ 100 ಹರ್ಟ್ಸಿನ ಕೆಳಗಿನ ದನಿಯನ್ನು ಅದು ಕತ್ತರಿಸುತ್ತದೆ. ಸ್ವಾಗತ ಭಾಷಣ ಮುಗಿದು ಅದೇ ಮೈಕನ್ನು ತಮಟೆಯ ಮುಂದಿಟ್ಟಾಗ ಗುಂಡಿಯನ್ನು ಬಿಡಿಸಲು ಯಾರಿಗೂ ನೆನಪಾಗುವುದಿಲ್ಲ. ಎರಡನೆಯದು ಎಕೋ. ಹಾಡುಗಾರರಿಗೆ ಪ್ರಿಯವಾದ ಈ ಸೌಲಭ್ಯ ತಮಟೆಗೆ ವಿಷ. ಒಂದು ಏಟಿನ ಬಾಲ ಮುಂದಿನ ಏಟಿನ ಮೇಲೆ ಬಿದ್ದು ವರಸೆಯೇ ಕಲಸಿಹೋಗುತ್ತದೆ.

ಮೂರನೆಯದು ಸ್ಪೀಕರ್. ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟುವ ಕೊಂಬಿನ ಆಕಾರದ ಧ್ವನಿವರ್ಧಕಗಳು ಮಾತನ್ನು ದೂರಕ್ಕೆ ಒಯ್ಯಲು ಹುಟ್ಟಿದವು. ಸುಮಾರು 300 ಹರ್ಟ್ಸಿಗಿಂತ ಕೆಳಗಿನ ದನಿ ಅವುಗಳಿಂದ ಬರುವುದೇ ಅಲ್ಪ. ಕಂಬದ ಮೇಲಿನ ಕೊಂಬಿನಿಂದ ತಮಟೆ ಕೇಳಿದವರು ಕೇಳಿದ್ದು ಅರ್ಧ ತಮಟೆ ಎಂದರೆ ಉತ್ಪ್ರೇಕ್ಷೆಯಾಗದು.

ಇದರೊಂದಿಗೆ ದೂರದ ಲೆಕ್ಕವೂ ಸೇರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 34 ಮೀಟರ್ ದೂರದ ಕಂಬದ ಸ್ಪೀಕರಿನ ಸದ್ದು ವಾದಕನ ಕಿವಿಗೆ ಹಿಂದಿರುಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ವೇಗದ ವರಸೆಯಲ್ಲಿ ಅಷ್ಟರೊಳಗೆ ಮುಂದಿನ ಏಟು ಬಿದ್ದಿರುತ್ತದೆ. ಹತ್ತು ಜನರ ತಂಡ ಊರಿನ ಬೀದಿಯಲ್ಲಿ ಒಬ್ಬನಂತೆ ನುಡಿಸಿ, ವೇದಿಕೆಯ ಮೇಲೆ ತಡವರಿಸಿದರೆ ಅಭ್ಯಾಸದ ಕೊರತೆ ಎಂದು ದೂರುವ ಮುನ್ನ ಅವರ ಮುಂದೆ ಮಾನಿಟರ್ ಸ್ಪೀಕರ್ ಇತ್ತೇ ಎಂದು ನೋಡುವುದು ಒಳಿತು.

ವಾದ್ಯಗೋಷ್ಠಿಗಳಲ್ಲಿ ಈ ಎಲ್ಲ ರಗಳೆಗೂ ಸಿಕ್ಕ ಉತ್ತರ ಪ್ಯಾಡ್. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಹೊರತಂದ ಆಕ್ಟೋಪ್ಯಾಡ್, ಅನಂತರದ ಅದರ ಸಂತತಿ ಭಾರತದ ಆರ್ಕೆಸ್ಟ್ರಾಗಳಲ್ಲಿ ಮನೆಮಾತಾಯಿತು. ಎಂಟು ರಬ್ಬರ್ ಚೌಕಗಳ ಈ ಯಂತ್ರಕ್ಕೆ ಮೈಕ್ ಬೇಡ, ಬೆಂಕಿ ಬೇಡ. ತಂತಿಯನ್ನು ನೇರವಾಗಿ ಮಿಕ್ಸರಿಗೆ ಸಿಕ್ಕಿಸಿದರಾಯಿತು. ಅದರೊಳಗೆ ತಮಟೆಯ ಸದ್ದನ್ನೂ ತುಂಬಿಕೊಳ್ಳಬಹುದು. ಸೌಂಡ್ ಸಿಸ್ಟಮ್‌ನವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಹತ್ತು ಜನರ ತಂಡದ ಬದಲು ಒಬ್ಬ ಪ್ಯಾಡ್ ವಾದಕ ಸಾಕೆಂದು ಸಂಘಟಕರಿಗೆ ಅನ್ನಿಸತೊಡಗಿದರೆ ಒಂಬತ್ತು ಜನರ ಅಂದಿನ ಕೂಲಿ ತಪ್ಪುತ್ತದೆ.

ರಾತ್ರಿ ಹತ್ತರ ಗಡಿ

ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್‌ಗಳ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ತಮಟೆಗೆ ಮೈಕ್ ಹಾಕದಿದ್ದರೆ ನಿಯಮ ಅನ್ವಯಿಸದು ಎಂಬ ನಂಬಿಕೆ ಕೆಲವರಲ್ಲಿದೆ, ಅದು ತಪ್ಪು. 2010ರ ತಿದ್ದುಪಡಿಯ ನಂತರ ಸಂಗೀತ ವಾದ್ಯಗಳೂ ಈ ರಾತ್ರಿ ನಿರ್ಬಂಧದ ವ್ಯಾಪ್ತಿಗೆ ಬಂದಿವೆ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ ಸಡಿಲಿಕೆ ನೀಡಬಹುದು. ಕೋಲಾರ, ಮಾಲೂರುಗಳ ಕರಗದಂತಹ ಇರುಳ ಉತ್ಸವಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ವಾದಕರ ಸ್ವಂತ ಕಿವಿಯ ವಿಚಾರ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಿಕೊಳ್ಳಬಹುದು; ಆಮೇಲೆ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಡಿಜೆ ಗಾಡಿಯ ಮುಂದೆ ನಡೆಯುತ್ತಾ ಮೂರು ನಾಲ್ಕು ತಾಸು ತಮಟೆ ನುಡಿಸುವವರ ಕಿವಿಗೆ ಯಾವ ಗತಿ ಕಾದಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಿವಿಗೆ ತುರುಕುವ ಹತ್ತಿಯಿಂದ ಆಗುವ ರಕ್ಷಣೆ ತೀರಾ ಕಡಿಮೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆ ಅದಕ್ಕಿಂತ ಎಷ್ಟೋ ಮೇಲು. ವಾದ್ಯಕ್ಕೆ ಖರ್ಚು ಮಾಡುವ ತಂಡಗಳೂ ಇದರ ಕಡೆ ನೋಡುವುದು ವಿರಳ.

ಬೆಂಕಿ ಹಚ್ಚಲು ಜಾಗ

ಕೋಲಾರದ ಟಿ. ಚನ್ನಯ್ಯ ರಂಗಮಂದಿರದಂತಹ ಮುಚ್ಚಿದ ಸಭಾಂಗಣಗಳಲ್ಲಿ ಕಾರ್ಯಕ್ರಮವಾದಾಗ ತೊಗಲಿನ ತಮಟೆಯವರಿಗೆ ಹೊಸದೊಂದು ಸಮಸ್ಯೆ. ಒಳಗೆ ಬೆಂಕಿ ಹಚ್ಚುವಂತಿಲ್ಲ, ಅದು ನ್ಯಾಯವೇ. ಹೊರಗೆ ಕಾಯಿಸಿಕೊಂಡು ಬಂದರೆ, ಗಣ್ಯರ ಭಾಷಣಗಳು ಮುಗಿಯುವಷ್ಟರಲ್ಲಿ ತಮಟೆ ತಣ್ಣಗಾಗಿರುತ್ತದೆ. ಭಾಷಣದ ಉದ್ದಕ್ಕೂ ತಮಟೆಯ ದನಿಗೂ ಇರುವ ಈ ನಂಟನ್ನು ಸಂಘಟಕರು ಯೋಚಿಸಿದಂತಿಲ್ಲ. ಕೆಲವು ತಂಡಗಳು ಪಕ್ಕದ ಕೋಣೆಯಲ್ಲಿ ವಿದ್ಯುತ್ ಒಲೆ ಇಟ್ಟುಕೊಂಡು ಕಾಯಿಸುತ್ತವೆ. ಉಳಿದವರು ಒಳಾಂಗಣಕ್ಕೆ ಫೈಬರ್, ಬಯಲಿಗೆ ತೊಗಲು ಎಂದು ಎರಡು ಜೊತೆ ತಮಟೆ ಹೊತ್ತು ಬಸ್ಸು ಹತ್ತುತ್ತಾರೆ.

ಇದಕ್ಕೆ ಪರಿಹಾರವಾಗಿ ದೊಡ್ಡ ಯೋಜನೆಯೇನೂ ಬೇಕಿಲ್ಲ. ಕಾರ್ಯಕ್ರಮ ಒಪ್ಪಿಕೊಳ್ಳುವ ದಿನವೇ ವಾದಕರು ಮೂರು ವಿಷಯ ಕೇಳಬಹುದು: ಬೆಂಕಿಗೋ ಒಲೆಗೋ ಜಾಗ ಎಲ್ಲಿ, ತಮ್ಮ ಸರದಿ ಎಷ್ಟು ಹೊತ್ತಿಗೆ, ಸೌಂಡ್ ಸಿಸ್ಟಮ್‌ನವರೊಂದಿಗೆ ಕಾರ್ಯಕ್ರಮಕ್ಕೆ ಮುಂಚೆ ಹತ್ತು ನಿಮಿಷ ಸಿಗುತ್ತದೆಯೇ. ಆ ಹತ್ತು ನಿಮಿಷದಲ್ಲಿ ನಡುವಿನ ಏಟೊಂದು, ಅಂಚಿನ ಏಟೊಂದು ಹಾಕಿ, ಒಬ್ಬ ಸಂಗಾತಿಯನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿದರೆ ದಪ್ಪ ದನಿ ಅಲ್ಲಿಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ಅವನೇ ಕೈಸನ್ನೆಯಲ್ಲಿ ತಿಳಿಸುತ್ತಾನೆ.